ಯುದ್ಧದ ಇತಿಹಾಸ ಬರೆಯಲು ಡಿಗ್ರಿ ಬೇಕಾ? ಓದುಗರ ಪತ್ರಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ವಿಶ್ವವಿದ್ಯಾಲಯದ ಹೊರಗೆ ಕೂತು ಯುದ್ಧಗಳ ಇತಿಹಾಸ ಹುಡುಕುವವರನ್ನು ಇತಿಹಾಸಕಾರರು ಯಾಕೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಅನ್ನುವ ವಿಷಯ ಅದು. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವನ್ನೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಾನು ನೀರಾವರಿ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. 1565ರ ಯುದ್ಧದಲ್ಲಿ ಸುಲ್ತಾನರ ಸೈನ್ಯ ಕೃಷ್ಣಾ ಹೊಳೆಯನ್ನು ಎಲ್ಲಿ ದಾಟಿತು ಅಂತ ದಂಡೆಯ ಊರುಗಳನ್ನೆಲ್ಲ ತಿರುಗಿ ಒಂದು ದೊಡ್ಡ ಲೇಖನ ಬರೆದಿದ್ದೇನೆ. ಇಬ್ಬರು ಪ್ರಾಧ್ಯಾಪಕರಿಗೆ ಕಳಿಸಿದೆ. ಒಬ್ಬರಿಂದ ಉತ್ತರವೇ ಇಲ್ಲ. ಇನ್ನೊಬ್ಬರು ಫೋನಿನಲ್ಲಿ "ನೀವು ಓದಿದ್ದು ಇತಿಹಾಸವೇನ್ರೀ?" ಅಂತ ಕೇಳಿ ಮಾತು ಮುಗಿಸಿದರು. ಜೀವನ ಪೂರ್ತಿ ಹೊಳೆ ನೋಡಿದವನ ಮಾತಿಗೆ ಬೆಲೆ ಇಲ್ಲವೇ ಸರ್? (ಹೆಸರು ಬೇಡ, ಮುದ್ದೇಬಿಹಾಳ)

ಉತ್ತರ: ಇದೆ ಸರ್. ನಿಮ್ಮ ವಿಷಯದಲ್ಲಂತೂ ತುಂಬಾ ಇದೆ.

1565ರ ಜನವರಿ 23ರಂದು ನಡೆದ ಆ ಯುದ್ಧದ ಜಾಗ ಇವತ್ತಿಗೂ ಖಚಿತವಾಗಿಲ್ಲ. ತಾಳಿಕೋಟೆ ಯುದ್ಧ ಅನ್ನುತ್ತೇವೆ, ಆದರೆ ತಾಳಿಕೋಟೆ ಹೊಳೆಯಿಂದ ಉತ್ತರಕ್ಕೆ ದೂರದಲ್ಲಿದೆ, ಅಲ್ಲಿ ಸುಲ್ತಾನರ ಸೈನ್ಯ ಬೀಡುಬಿಟ್ಟಿತ್ತು ಅಷ್ಟೇ. ರಕ್ಕಸಗಿ ತಂಗಡಗಿ ಅನ್ನುವವರಿದ್ದಾರೆ, ಬನ್ನಿಹಟ್ಟಿ ಅನ್ನುವವರಿದ್ದಾರೆ. ಬಿಜಾಪುರದಲ್ಲಿದ್ದು ಪರ್ಷಿಯನ್ ಭಾಷೆಯಲ್ಲಿ ಇತಿಹಾಸ ಬರೆದ ಫೆರಿಶ್ತಾ ಹೇಳುವ ಕತೆ ನಿಮಗೆ ಗೊತ್ತೇ ಇರುತ್ತದೆ. ಹೊಳೆ ದಾಟುವ ಜಾಗಗಳನ್ನು ವಿಜಯನಗರದವರು ಕಾಯುತ್ತಿದ್ದರು. ಸುಲ್ತಾನರು ಬೇರೆ ಕಡೆ ದಾಟುವವರ ಹಾಗೆ ದಂಡೆಗುಂಟ ನಡೆದರು, ಆಚೆ ದಂಡೆಯಲ್ಲಿ ವಿಜಯನಗರದವರೂ ಹಿಂಬಾಲಿಸಿದರು, ಆಮೇಲೆ ಸುಲ್ತಾನರು ಥಟ್ಟನೆ ಹಿಂದಕ್ಕೆ ತಿರುಗಿ ಮೊದಲಿನ ಜಾಗದಲ್ಲೇ ದಾಟಿಬಿಟ್ಟರು. ಈ ಮಾತು ನಿಜವೋ ಸುಳ್ಳೋ ತೂಗಿ ನೋಡಬೇಕು ಅಂದರೆ ಜನವರಿಯಲ್ಲಿ ಅಲ್ಲಿ ನೀರು ಎಷ್ಟಿರುತ್ತದೆ, ತಳದಲ್ಲಿ ಬಂಡೆ ಎಲ್ಲಿದೆ ಉಸುಕು ಎಲ್ಲಿದೆ, ತೋಪು ಹೊತ್ತ ಗಾಡಿ, ಆನೆ ಎಲ್ಲಿ ಇಳಿಯಬಹುದು ಅಂತ ಗೊತ್ತಿರಬೇಕು. ಅದು ಹೊಳೆ ಬಲ್ಲವರು ಉತ್ತರಿಸಬೇಕಾದ ಪ್ರಶ್ನೆ.

ಇನ್ನು ಡಿಗ್ರಿಯ ಮಾತು. ಸೈನ್ಯ ಇಂಗಳಗಿ ಹತ್ತಿರ ದಾಟಿರಬೇಕು ಅಂತ 1900ರಲ್ಲಿ ಬರೆದ ರಾಬರ್ಟ್ ಸೀವೆಲ್ ಮದ್ರಾಸಿನ ಸಿವಿಲ್ ಸರ್ವಿಸ್ ಅಧಿಕಾರಿ. ನಾವೆಲ್ಲ ಓದುವ ಫೆರಿಶ್ತಾನ ಇಂಗ್ಲಿಷ್ ಅನುವಾದ ಮಾಡಿದ ಜಾನ್ ಬ್ರಿಗ್ಸ್ ಸೇನಾಧಿಕಾರಿ. ನಮ್ಮ ಶಾಸನಗಳನ್ನು ಸಂಪುಟ ಸಂಪುಟವಾಗಿ ಅಚ್ಚು ಹಾಕಿಸಿದ ಬಿ.ಎಲ್. ರೈಸ್ ಶಿಕ್ಷಣ ಇಲಾಖೆಯಲ್ಲಿದ್ದವರು. ಇವರ ಕೈಯಲ್ಲಿ ಸರ್ಕಾರ ಇತ್ತು, ನಮ್ಮ ಕೈಯಲ್ಲಿ ಇಲ್ಲ ಅಂತ ನೀವು ಹೇಳಬಹುದು, ಸರಿಯೇ. ಹಾಗಾದರೆ ಮಹಾರಾಷ್ಟ್ರದ ಕಡೆ ನೋಡಿ. ವಿ.ಕಾ. ರಾಜವಾಡೆ ಯಾವ ವಿಶ್ವವಿದ್ಯಾಲಯದ ಆಸರೆಯೂ ಇಲ್ಲದೆ ಊರೂರು ಅಲೆದು ಹಳೇ ಮನೆತನಗಳ ಕಾಗದ ಹುಡುಕಿದರು. 1898ರಲ್ಲಿ ಅವರು ಹೊರತಂದ ಮೊದಲ ಸಂಪುಟದಲ್ಲೇ 1761ರ ಪಾಣಿಪತ್ ಯುದ್ಧದವರೆಗಿನ ಪತ್ರಗಳಿವೆ. ಮಿರಜದಲ್ಲಿ ವಾಸುದೇವಶಾಸ್ತ್ರಿ ಖರೆ ಅಂತ ಒಬ್ಬ ಸಂಸ್ಕೃತ ಮೇಷ್ಟ್ರು ಇದ್ದರು. ಮರಾಠಾ ಸರದಾರರಾದ ಪಟವರ್ಧನ ಮನೆತನದ ಕಾಗದಗಳನ್ನು ಓದಿ, ವಿಂಗಡಿಸಿ, ಪ್ರಕಟಿಸಿದರು. ಹೈದರ್, ಟಿಪ್ಪು ಜೊತೆಗಿನ ಮರಾಠರ ಯುದ್ಧಗಳ ಬಗ್ಗೆ, 1790-91ರ ಧಾರವಾಡ ಮುತ್ತಿಗೆಯ ಬಗ್ಗೆ ಇವತ್ತು ಯಾರೇ ಬರೆಯಲಿ, ಆ ಶಾಲಾ ಮೇಷ್ಟ್ರ ಕೆಲಸವನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ.

ಈ ಕತೆಯಲ್ಲಿ ಇನ್ನೊಂದು ಪಾಲು ಇದೆ, ನನಗೆ ಅದೇ ಜಾಸ್ತಿ ಕಾಡುವುದು. ರಾಜವಾಡೆ ಮತ್ತು ಗೆಳೆಯರು 1910ರಲ್ಲಿ ಪುಣೆಯಲ್ಲಿ ಭಾರತ ಇತಿಹಾಸ ಸಂಶೋಧಕ ಮಂಡಳ ಕಟ್ಟಿದರು. ಹೊರಗಿನವರು ಕಟ್ಟಿಕೊಂಡ ಮನೆ ಅದು. ಕಾಲ ಕಳೆದ ಹಾಗೆ ಪುಣೆಯ ಸಂಶೋಧಕರೇ ಪ್ರತಿಷ್ಠಿತರಾದರು. ಆಮೇಲೆ ಬರೋಡಾದ ಅರಮನೆಯಲ್ಲಿ ನೌಕರಿ ಮಾಡಿದ್ದ ಗೋ.ಸ. ಸರದೇಸಾಯಿ ಅವರಿಗೆ ಪೇಶ್ವೆ ದಫ್ತರದ, ಅಂದರೆ ಪೇಶ್ವೆಗಳ ಹಳೇ ಸರ್ಕಾರಿ ಕಡತಗಳ ಭಂಡಾರದ ಕಾಗದಗಳನ್ನು ಸಂಪಾದಿಸುವ ಕೆಲಸ ಸಿಕ್ಕಾಗ ಅದೇ ಪುಣೆಯಿಂದ ವಿರೋಧ ಬಂತು. ಸರದೇಸಾಯಿ 1930ರಿಂದ 1934ರ ಒಳಗೆ 45 ಸಂಪುಟ ಹೊರತಂದರು. ಅವರ ಬೆನ್ನಿಗೆ ನಿಂತ ಹೆಸರಾಂತ ಇತಿಹಾಸಕಾರ ಜದುನಾಥ್ ಸರ್ಕಾರ್ ಎಂ.ಎ. ಮಾಡಿದ್ದು ಇಂಗ್ಲಿಷ್ ಸಾಹಿತ್ಯದಲ್ಲಿ! ಬಾಗಿಲು ಹಾಕುವ ಬುದ್ಧಿ ಡಿಗ್ರಿ ಇದ್ದವರಿಗೆ ಮಾತ್ರ ಬರುವುದಿಲ್ಲ ಸರ್, ಒಳಗೆ ಸೇರಿದ ಯಾರಿಗಾದರೂ ಬರುತ್ತದೆ. ನಾಳೆ ನಿಮ್ಮ ಹತ್ತಿರ ಒಬ್ಬ ಹುಡುಗ ತನ್ನ ಹಾಳೆ ಹಿಡಿದುಕೊಂಡು ಬಂದಾಗ ಇದನ್ನು ನೆನಪಿಡಿ.

ನಿಮ್ಮ ಲೇಖನಕ್ಕೆ ಬರೋಣ. ನೀವು ಪತ್ರದ ಜೊತೆ ಕಳಿಸಿದ ಪುಟಗಳನ್ನು ಪೂರ್ತಿ ಓದಿದೆ. ನದಿಯ ಭಾಗ ಚೆನ್ನಾಗಿದೆ, ಆದರೆ ಅದನ್ನು ಹುಡುಕಿಕೊಂಡು ಹೋಗಬೇಕು. ಮೊದಲರ್ಧ ಪೂರ್ತಿ ವಿಜಯನಗರದ ವೈಭವ, ರಾಮರಾಯರ ಗುಣಗಾನ, ಯಾರು ದ್ರೋಹ ಮಾಡಿದರು ಅನ್ನುವುದು. ಅದನ್ನು ನೂರು ಜನ ಬರೆದಿದ್ದಾರೆ, ತೆಗೆದುಹಾಕಿ. ಇನ್ನೊಂದು ದೊಡ್ಡ ತೊಡಕಿದೆ. ಆಲಮಟ್ಟಿ, ನಾರಾಯಣಪುರ ಅಣೆಕಟ್ಟು ಬಂದ ಮೇಲೆ ನೀವು ಕಂಡ ಹೊಳೆಯೇ ಬೇರೆ, 1565ರ ಹೊಳೆಯೇ ಬೇರೆ. ಯಾವ ವಿದ್ವಾಂಸರಾದರೂ ಮೊದಲು ಹಿಡಿಯುವುದು ಇದನ್ನೇ. ಅಣೆಕಟ್ಟಿಗೆ ಮುಂಚಿನ ಸರ್ವೆ ನಕ್ಷೆಗಳನ್ನು ತೆಗೆದು, ನೀವು ಗುರುತಿಸಿದ ಒಂದೊಂದು ಜಾಗವೂ ಅದರಲ್ಲಿ ಇದೆಯಾ ನೋಡಿ. ಇದ್ದರೆ ಇದೆ ಅನ್ನಿ, ಇಲ್ಲದಿದ್ದರೆ ಇಲ್ಲ ಅನ್ನಿ. ಫೆರಿಶ್ತಾ ಬರೆದದ್ದು ಯುದ್ಧವಾಗಿ ಸುಮಾರು ನಾಲ್ಕು ದಶಕದ ಮೇಲೆ ಅನ್ನುವುದನ್ನೂ ಹೇಳಿ. ಊರಿನ ಹಿರಿಯರ ಬಾಯಿಂದ ಕೇಳಿದ್ದನ್ನು ಬೇರೆಯಾಗಿ ಇಡಿ, ಪುಸ್ತಕದಿಂದ ಬಂದದ್ದನ್ನು ಬೇರೆಯಾಗಿ ಇಡಿ, ನಿಮ್ಮ ಊಹೆಯನ್ನು ಊಹೆ ಅಂತಲೇ ಬರೆಯಿರಿ. ಹತ್ತು ಪುಟಕ್ಕೆ ಇಳಿಸಿ ಕರ್ನಾಟಕ ಇತಿಹಾಸ ಅಕಾಡೆಮಿಗೋ ಬೆಂಗಳೂರಿನ ಮಿಥಿಕ್ ಸೊಸೈಟಿಯ ಪತ್ರಿಕೆಗೋ ಕಳಿಸಿ. ಆ ಪ್ರಾಧ್ಯಾಪಕರ ಫೋನಿಗೆ ಕಾಯುತ್ತಾ ಕೂರಬೇಡಿ.

ಪ್ರಶ್ನೆ: ನಾನು ಪಶುವೈದ್ಯ. 1791ರಲ್ಲಿ ಬ್ರಿಟಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದಿಂದ ಹಿಂದಕ್ಕೆ ಹೋಗಿದ್ದು ಎತ್ತುಗಳು ಸತ್ತಿದ್ದರಿಂದ ಅಂತ ಒಂದು ವಿಚಾರ ಸಂಕಿರಣದಲ್ಲಿ ಮಾತಾಡಿದೆ. "ಇದು ಇತಿಹಾಸವಲ್ಲ, ಪಶುಸಂಗೋಪನೆ" ಅಂತ ಅಧ್ಯಕ್ಷರು ಹೇಳಿದರು, ಸಭೆ ನಕ್ಕಿತು. ಪಿಎಚ್.ಡಿ. ಮಾಡಿಕೊಂಡರೆ ಮಾತು ಕೇಳುತ್ತಾರಾ? (ಒಬ್ಬ ಓದುಗ, ಮಂಡ್ಯ)

ಉತ್ತರ: ಆ ಸಭೆ ನಕ್ಕಿದ್ದಕ್ಕೆ ನನಗೆ ನಿಜವಾಗಿ ಬೇಜಾರಾಯಿತು ಡಾಕ್ಟ್ರೇ. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಹಿಡಿದ ಕಾರ್ನ್‌ವಾಲಿಸ್, ಮೇ 15ರಂದು ಅರಕೆರೆ ಹತ್ತಿರ ಟಿಪ್ಪುವಿನ ಸೈನ್ಯವನ್ನು ಹಿಂದಕ್ಕೆ ತಳ್ಳಿದ. ಶ್ರೀರಂಗಪಟ್ಟಣದ ಕೋಟೆ ಕಣ್ಣೆದುರಿಗೇ ಇತ್ತು. ಆದರೂ ಕೆಲವೇ ದಿನದಲ್ಲಿ ತನ್ನ ದೊಡ್ಡ ತೋಪುಗಳನ್ನು ತಾನೇ ಹಾಳು ಮಾಡಿ ವಾಪಸ್ ಹೊರಟ. ಮಳೆ, ಮೇವಿಲ್ಲ, ಧಾನ್ಯವಿಲ್ಲ, ಎತ್ತುಗಳು ಸಾಲುಸಾಲಾಗಿ ಸಾಯುತ್ತಿವೆ, ತೋಪು ಎಳೆಯುವವರು ಯಾರು? ಗೆದ್ದ ಸೈನ್ಯವನ್ನು ವಾಪಸ್ ಕಳಿಸಿದ್ದು ಎತ್ತುಗಳ ಸಾವು ಅಂದರೆ ಅದು ಯುದ್ಧದ ಇತಿಹಾಸವಲ್ಲದೆ ಇನ್ನೇನು? ಮುಂದಿನ ವರ್ಷ ಫೆಬ್ರವರಿಯಲ್ಲಿ ಅವನು ಮತ್ತೆ ಬಂದಾಗ ಮೊದಲು ಸರಿಮಾಡಿಕೊಂಡಿದ್ದು ದವಸ, ಎತ್ತು, ಗಾಡಿ. ಸೈನ್ಯಕ್ಕೆ ಧಾನ್ಯ ಹೊತ್ತು ತಂದ ಬಂಜಾರರಿಲ್ಲದೆ ಆ ಯುದ್ಧ ಮುಂದೆ ಹೋಗುತ್ತಲೇ ಇರಲಿಲ್ಲ. ಈ ಕಡೆ ಮೈಸೂರಿನವರಿಗೆ ಇದು ಎಷ್ಟು ಚೆನ್ನಾಗಿ ಗೊತ್ತಿತ್ತು ಅಂದರೆ, ಒಡೆಯರ ಕಾಲದ ಬೆಣ್ಣೆ ಚಾವಡಿಯನ್ನು ಟಿಪ್ಪು ಅಮೃತ್ ಮಹಲ್ ಅಂತ ಮಾಡಿ ತೋಪು, ಸರಂಜಾಮು ಎಳೆಯುವ ಎತ್ತುಗಳಿಗಾಗಿಯೇ ಇಲಾಖೆ ನಡೆಸಿದ. ಆ ತಳಿ ಇವತ್ತಿಗೂ ಅಜ್ಜಂಪುರದಲ್ಲಿದೆ.

ನಮ್ಮ ವಿಶ್ವವಿದ್ಯಾಲಯಗಳಲ್ಲಿ ಯುದ್ಧದ ಇತಿಹಾಸ ಅಂದರೆ ರಾಜರು, ತಾರೀಖುಗಳು, ಗೆದ್ದವರು ಸೋತವರು ಅಂತ ಒಂದು ಹಳೇ ತಿಳುವಳಿಕೆ ಇದೆ. ಒಳ್ಳೇ ವಿದ್ವಾಂಸರು ಬೇಸತ್ತು ಸಮಾಜ, ಭೂಮಿ, ಜಾತಿ, ವ್ಯಾಪಾರದ ಕಡೆ ಹೋದರು. ಹೋಗಿದ್ದು ಒಳ್ಳೆಯದೇ ಆಯಿತು. ಆದರೆ ಸೈನ್ಯ ಏನು ತಿಂತು, ಯಾರು ಹೊತ್ತರು, ಯಾವ ದಾರಿಯಲ್ಲಿ ನಡೆಯಿತು ಅನ್ನುವ ಪ್ರಶ್ನೆಗಳು ಯಾರ ಮೇಜಿನ ಮೇಲೂ ಇಲ್ಲದೆ ಉಳಿದವು. ಅವನ್ನು ಎತ್ತಿಕೊಂಡವರು ನಿಮ್ಮಂಥವರು, ಅಂದರೆ ಪಶುವೈದ್ಯರು, ಇಂಜಿನಿಯರುಗಳು, ನಿವೃತ್ತ ಸುಬೇದಾರರು.

ಪಿಎಚ್.ಡಿ. ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ. ಓದುವ ಶಿಸ್ತು, ಮಾರ್ಗದರ್ಶಕರು ಬೇಕು ಅಂತಿದ್ದರೆ ಮಾಡಿ. ನಕ್ಕವರ ಬಾಯಿ ಮುಚ್ಚಿಸಲು ಆದರೆ ಬೇಡ, ಅಷ್ಟು ವರ್ಷವನ್ನು ಆ ಎತ್ತುಗಳಿಗೇ ಕೊಡಿ. ಒಂದು ಎಚ್ಚರ ಮಾತ್ರ. ಹಳೇ ವರದಿಗಳಲ್ಲಿ "ದನಗಳಿಗೆ ರೋಗ ಬಂತು" ಅಂತ ಇದ್ದರೆ ಅದು ಇಂಥದ್ದೇ ರೋಗ ಅಂತ ಇವತ್ತಿನ ಹೆಸರು ಹಚ್ಚಲು ಹೋಗಬೇಡಿ. ಲಕ್ಷಣ ಬರೆದಿದ್ದರೆ ಲಕ್ಷಣ ಹೇಳಿ, ಹೀಗಿರಬಹುದು ಅನ್ನಿ, ಅಲ್ಲಿಗೆ ನಿಲ್ಲಿಸಿ. ವೈದ್ಯರಾಗಿ ನೀವು "ಇಷ್ಟರ ಮೇಲೆ ಹೇಳಲಾಗದು" ಅಂದರೆ ಆ ಮಾತಿಗೆ ದೊಡ್ಡ ತೂಕ ಇರುತ್ತದೆ.

ಪ್ರಶ್ನೆ: ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್‌ನ ಸೈನಿಕರ ಹೆಸರು, ಊರು, ಏನಾದರು ಅನ್ನುವ ವಿವರಗಳನ್ನು ಬಿಡುವಿನ ವೇಳೆಯಲ್ಲಿ ಸೇರಿಸಿ ಪಟ್ಟಿ ಮಾಡಿದ್ದೆ. ಒಬ್ಬ ವಿದ್ವಾಂಸರು ಕೇಳಿದರು, ಖುಷಿಯಿಂದ ಕೊಟ್ಟೆ. ಅವರ ಪ್ರಬಂಧದಲ್ಲಿ ನನ್ನ ಪಟ್ಟಿ ಇದೆ, ನನ್ನ ಹೆಸರಿಲ್ಲ. ಕೇಳಿದರೆ "ಇವೆಲ್ಲ ಸಾರ್ವಜನಿಕ ಮಾಹಿತಿ" ಅಂದರು. (ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು)

ಉತ್ತರ: ಅವರು ಮಾಡಿದ್ದು ತಪ್ಪು. ಸತ್ತ ಸೈನಿಕನ ಹೆಸರು ಯಾರ ಆಸ್ತಿಯೂ ಅಲ್ಲ, ನಿಜ. ಆದರೆ ಚದುರಿಹೋದ ಕಡತಗಳಿಂದ ಒಂದೊಂದೇ ಹೆಸರನ್ನು ಹೆಕ್ಕಿ, ಒಂದೇ ಹೆಸರಿನ ಇಬ್ಬರನ್ನು ಬೇರೆ ಮಾಡಿ, ಊರು ಹೊಂದಿಸಿ ಇಟ್ಟ ಶ್ರಮ ನಿಮ್ಮದು. ಅದನ್ನು ಹೇಳುವುದು ಓದುಬರಹದ ಮೊದಲ ಮರ್ಯಾದೆ. ತಮ್ಮ ವಿದ್ಯಾರ್ಥಿ ಹೀಗೆ ಮಾಡಿದರೆ ಅವರೇ ಸುಮ್ನಿರುತ್ತಾರಾ?

ಪ್ರಬಂಧ ಪ್ರಕಟಿಸಿದ ಪತ್ರಿಕೆಯ ಸಂಪಾದಕರಿಗೆ ಒಂದು ಶಾಂತವಾದ ಪತ್ರ ಬರೆಯಿರಿ. ನೀವು ಪಟ್ಟಿ ಕಳಿಸಿದ ಇಮೇಲ್ ಲಗತ್ತಿಸಿ, ತಿದ್ದುಪಡಿ ಹಾಕಿ ಅಂತ ಕೇಳಿ. ಫೇಸ್‌ಬುಕ್ ಜಗಳ ಬೇಡ, ಅದರಲ್ಲಿ ಸೈನಿಕರೇ ಮರೆತುಹೋಗುತ್ತಾರೆ. ಮುಂದೆ ಯಾರಿಗಾದರೂ ಕೊಡುವ ಮುಂಚೆ ಪಟ್ಟಿಯನ್ನು ತಾರೀಖಿನ ಜೊತೆ ನಿಮ್ಮ ಹೆಸರಲ್ಲಿ ಇಂಟರ್ನೆಟ್ ಆರ್ಕೈವ್‌ನಂಥ ಕಡೆ ಹಾಕಿಬಿಡಿ. ಪ್ರತಿ ಹೆಸರಿನ ಮುಂದೆ ಅದು ಎಲ್ಲಿಂದ ಬಂತು ಅಂತ ಬರೆಯಿರಿ.

ಚೆನ್ನಾಗಿ ನಡೆದ ಉದಾಹರಣೆಯೂ ಇದೆ. ಮೊದಲ ಮಹಾಯುದ್ಧದಲ್ಲಿದ್ದ ಪಂಜಾಬಿನ 3,20,000 ಸೈನಿಕರ ದಾಖಲೆ ಪುಸ್ತಕಗಳು ಲಾಹೋರ್ ಮ್ಯೂಸಿಯಂನಲ್ಲಿ ದಶಕಗಟ್ಟಲೆ ಸುಮ್ಮನೆ ಬಿದ್ದಿದ್ದವು. ಬ್ರಿಟನ್ನಿನಲ್ಲಿರುವ ಪಂಜಾಬಿ ಸ್ವಯಂಸೇವಕರ ಸಂಘವೊಂದು ಗ್ರೀನಿಚ್ ವಿಶ್ವವಿದ್ಯಾಲಯದ ಜೊತೆ ಸೇರಿ ಅವನ್ನು ಡಿಜಿಟಲ್ ಮಾಡಿ 2021ರಲ್ಲಿ ಎಲ್ಲರಿಗೂ ತೆರೆಯಿತು. ಎರಡೂ ಕಡೆಯವರ ಹೆಸರೂ ಅದರ ಮೇಲಿದೆ. ಊರಿನ ಹೆಸರು ಹಾಕಿ ಅಜ್ಜನನ್ನು ಹುಡುಕಿಕೊಳ್ಳಬಹುದು. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲ್‌ನ ಹೈಫಾದಲ್ಲಿ ಜೋಧ್‌ಪುರದವರ ಜೊತೆ ಕುದುರೆ ಓಡಿಸಿದ ನಮ್ಮ ಮೈಸೂರಿನವರಿಗೂ ಅಂಥದ್ದೊಂದು ಆಗಬೇಕು ಅನ್ನುವುದು ನನ್ನ ಆಸೆ. ದಿಲ್ಲಿಯ ತೀನ್ ಮೂರ್ತಿ ಯುದ್ಧ ಸ್ಮಾರಕದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು, ಆದರೆ ಆ ಸವಾರರ ಊರುಗಳು ಯಾವುವು ಅಂತ ಎಷ್ಟು ಜನರಿಗೆ ಗೊತ್ತು? ನಿಮ್ಮ ಪಟ್ಟಿಯನ್ನು ದಯವಿಟ್ಟು ನಿಲ್ಲಿಸಬೇಡಿ.

ಪ್ರಶ್ನೆ: ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು. ಹವ್ಯಾಸಿಗಳ ಪರ ನೀವು ಯಾವಾಗಲೂ ಮಾತಾಡುತ್ತೀರಿ. ನಮ್ಮ ಕಷ್ಟ ಕೇಳಿ. ಬರುವ ಹಸ್ತಪ್ರತಿಗಳಲ್ಲಿ ಬಹಳಷ್ಟು ತಮ್ಮ ಜಾತಿಯ ವೀರನನ್ನು ದೊಡ್ಡವನು ಮಾಡುವಂಥವು. ಅಡಿಟಿಪ್ಪಣಿ ಇರುವುದಿಲ್ಲ. ತಪ್ಪು ತೋರಿಸಿದರೆ "ನೀವು ನಮ್ಮ ವಿರೋಧಿ" ಅನ್ನುತ್ತಾರೆ. ಪಾಠ, ಪರೀಕ್ಷೆ, ನ್ಯಾಕ್ ಕೆಲಸದ ನಡುವೆ ಇದನ್ನೆಲ್ಲ ಯಾಕೆ ಓದಬೇಕು? (ಉಪನ್ಯಾಸಕಿ, ಧಾರವಾಡ)

ಉತ್ತರ: ನಿಮ್ಮ ಪತ್ರ ಬಂದಿದ್ದು ತುಂಬಾ ಒಳ್ಳೆಯದಾಯಿತು ಮೇಡಂ. ನೀವು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ಒಂದು ವೀರಗಲ್ಲು ಸಿಕ್ಕಿದ ಕೂಡಲೇ ಅದು ತಮ್ಮ ಮನೆತನದ ಸೇನಾಪತಿಯದು ಅನ್ನುವವರು ಇದ್ದಾರೆ, ದನ ಕಾಯಲು ಹೋರಾಡಿ ಸತ್ತ ಯಾರೋ ಒಬ್ಬ ಬಡವನದು ಇರಬಹುದು ಅನ್ನುವ ಯೋಚನೆಯೇ ಅವರಿಗೆ ಬರುವುದಿಲ್ಲ. ಎಲ್ಲವನ್ನೂ ಓದಿ ಅಂತ ನಾನು ಹೇಳುವುದಿಲ್ಲ. ಆದರೆ ಎಲ್ಲವನ್ನೂ ಪಕ್ಕಕ್ಕೆ ಇಟ್ಟರೆ ಏನನ್ನು ಕಳೆದುಕೊಳ್ಳುತ್ತೇವೆ ಅಂತ ಒಂದು ಉದಾಹರಣೆ ಹೇಳುತ್ತೇನೆ.

ಫ್ರಾನ್ಸಿನ ಉತ್ತರದಲ್ಲಿ ಫ್ರೊಮೆಲ್ ಅಂತ ಒಂದು ಹಳ್ಳಿ. 1916ರ ಜುಲೈ 19ರ ಸಂಜೆ ಅಲ್ಲಿ ಆಸ್ಟ್ರೇಲಿಯಾದ ಸೈನಿಕರು ಜರ್ಮನ್ನರ ಮೇಲೆ ದಾಳಿ ಮಾಡಿದರು. ಬೆಳಗಾಗಿ ಎಲ್ಲ ಮುಗಿಯುವಷ್ಟರಲ್ಲಿ ಸತ್ತವರು, ಗಾಯಗೊಂಡವರು, ಸೆರೆಯಾದವರು ಸೇರಿ 5,533 ಜನ. ಲ್ಯಾಂಬಿಸ್ ಎಂಗ್ಲೆಜೋಸ್ ಮೆಲ್ಬರ್ನ್‌ನ ಶಾಲೆಯಲ್ಲಿ ಚಿತ್ರಕಲೆ ಮೇಷ್ಟ್ರಾಗಿದ್ದವರು. 2002ರಲ್ಲಿ ಆ ಜಾಗ ನೋಡಿ ಬಂದ ಮೇಲೆ ಅವರಿಗೆ ಒಂದು ಲೆಕ್ಕ ತಾಳೆಯಾಗಲಿಲ್ಲ. ಕಾಣೆಯಾದವರು ಇಷ್ಟು, ಗುರುತಿಲ್ಲದ ಗೋರಿಗಳು ಇಷ್ಟು, ಮಿಕ್ಕವರು ಎಲ್ಲಿ? ರೆಡ್‌ಕ್ರಾಸ್‌ನ ಹಳೇ ಕಡತ ಓದಿದರು. ಯುದ್ಧಕಾಲದ ವಿಮಾನದಿಂದ ತೆಗೆದ ಫೋಟೋಗಳಲ್ಲಿ ಫೆಸೆಂಟ್ ವುಡ್ ಅನ್ನುವ ಮರಗಳ ತೋಪಿನ ಪಕ್ಕ ದಾಳಿಯ ನಂತರ ಗುಂಡಿಗಳು ಕಾಣುತ್ತಿದ್ದವು. ಜರ್ಮನ್ನರು ಅಲ್ಲಿ ಹೂತಿರಬೇಕು ಅಂದರು. ಸೇನೆಯವರು, ಬಲ್ಲವರು ಮೊದಲು ಒಪ್ಪಲಿಲ್ಲ. ಯುದ್ಧ ಮುಗಿದ ಮೇಲೆ ಆ ಶವಗಳನ್ನು ಎತ್ತಿ ಬೇರೆ ಕಡೆ ಹೂತಿರುತ್ತಾರೆ, ಈಗ ಅಲ್ಲಿ ಏನೂ ಇರುವುದಿಲ್ಲ ಅನ್ನುವ ವಾದ ಇತ್ತು. ಅದು ಮೂರ್ಖ ವಾದ ಅಲ್ಲ ಮೇಡಂ, ಹಾಗೆ ಸಾವಿರಾರು ಶವಗಳನ್ನು ಸ್ಥಳಾಂತರಿಸಿದ್ದು ನಿಜ. ಆ ಮನುಷ್ಯ ಪಟ್ಟು ಬಿಡಲಿಲ್ಲ. ನನ್ನನ್ನು ನಂಬಿ ಅನ್ನಲಿಲ್ಲ, ಪರೀಕ್ಷೆ ಮಾಡಿ ನೋಡಿ ಅಂದರು. 2007ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದವರು ಸರ್ವೆ ಮಾಡಿದರು. 2008ರಲ್ಲಿ ಸ್ವಲ್ಪ ಅಗೆದಾಗ ಅಸ್ಥಿಗಳು ಕಂಡವು. 2009ರಲ್ಲಿ 250 ಸೈನಿಕರ ದೇಹ ಹೊರಗೆ ಬಂದವು. 2010ರಲ್ಲಿ ಅವರಿಗಾಗಿ ಹೊಸ ಸ್ಮಶಾನ ಕಟ್ಟಿದರು. ಡಿಎನ್‌ಎ ಪರೀಕ್ಷೆಯಿಂದ ಅವರಲ್ಲಿ ಬಹಳ ಜನರ ಹೆಸರು ಸಿಕ್ಕಿದೆ. ತೊಂಬತ್ತಕ್ಕೂ ಹೆಚ್ಚು ವರ್ಷದ ಮೇಲೆ ಒಂದು ಮನೆಗೆ "ನಿಮ್ಮವನು ಇಲ್ಲಿದ್ದಾನೆ" ಅಂತ ಸುದ್ದಿ ಹೋಯಿತು.

ಇಲ್ಲಿ ಎರಡೂ ಕಡೆಯವರು ಬೇಕಾಯಿತು. ಮೇಷ್ಟ್ರು ಕೇಳದಿದ್ದರೆ ಯಾರೂ ಅಗೆಯುತ್ತಿರಲಿಲ್ಲ, ಪುರಾತತ್ವದವರು ಇಲ್ಲದಿದ್ದರೆ ಅವರ ಲೆಕ್ಕ ಒಂದು ಅನುಮಾನವಾಗಿಯೇ ಉಳಿಯುತ್ತಿತ್ತು. ಹಾಗಾಗಿ ನನ್ನ ಬೇಡಿಕೆ ಸಣ್ಣದು. ಹಸ್ತಪ್ರತಿ ಬಂದಾಗ ಕೊನೆಯ ತೀರ್ಮಾನ ಓದಬೇಡಿ, ಮಧ್ಯದ ಎರಡು ಪುಟ ತೆಗೆದು "ಇದನ್ನು ನಾನು ಪರೀಕ್ಷಿಸಬಹುದಾ?" ಅಂತ ಮಾತ್ರ ನೋಡಿ. ಆಗದಿದ್ದರೆ ವಾಪಸ್ ಕಳಿಸಿ, ಕಾರಣ ಎರಡು ಸಾಲು ಬರೆಯಿರಿ. ಆಗುವ ಹಾಗಿದ್ದರೆ ಅವರ ಭಾಷೆ ಒರಟಾಗಿದ್ದರೂ, ವೀರಾವೇಶ ಜಾಸ್ತಿಯಾಗಿದ್ದರೂ ಒಂದು ಸಲ ಕರೆದು ಮಾತಾಡಿಸಿ. ನಿಮ್ಮ ವಿದ್ಯಾರ್ಥಿಗಳಿಗೆ ಹೀಗೇ ಅಲ್ವಾ ನೀವು ತಿದ್ದುವುದು?

ಪ್ರಶ್ನೆ: ಶ್ರೀರಂಗಪಟ್ಟಣದ ಸುತ್ತ ಹೊಲಗಳಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಗುಂಡು, ನಾಣ್ಯ ಹುಡುಕಿದರೆ ಯುದ್ಧದ ಬಗ್ಗೆ ಹೊಸ ವಿಷಯ ಸಿಗಬಹುದಲ್ಲವೇ? (ಎಂಜಿನಿಯರಿಂಗ್ ವಿದ್ಯಾರ್ಥಿ, ಮೈಸೂರು)

ಉತ್ತರ: ದಯವಿಟ್ಟು ಬೇಡ. ಸಂರಕ್ಷಿತ ಜಾಗಗಳಲ್ಲಿ ಅಗೆಯುವುದು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ಅಪರಾಧ. ಬೇರೆ ಕಡೆ ನೆಲದಲ್ಲಿ ಹಳೇ ನಿಧಿ ಸಿಕ್ಕಿದರೂ 1878ರ ನಿಧಿ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಕಾನೂನಿಗಿಂತ ದೊಡ್ಡ ಕಾರಣ ಇನ್ನೊಂದು. ಗುಂಡು ಮಣ್ಣಿನಲ್ಲಿ ಬಿದ್ದ ಜಾಗದಲ್ಲೇ ಅದರ ಕತೆ ಇರುತ್ತದೆ. ಕಿತ್ತು ಜೇಬಿಗೆ ಹಾಕಿದ ಮೇಲೆ ಅದು ಬರೀ ಸೀಸ.

ಜರ್ಮನಿಯಲ್ಲಿ ಟೋನಿ ಕ್ಲನ್ ಅಂತ ಬ್ರಿಟಿಷ್ ಸೇನಾಧಿಕಾರಿ 1987ರಲ್ಲಿ ಕಾಲ್ಕ್ರೀಸ ಹತ್ತಿರ ರೋಮನ್ ನಾಣ್ಯ ಹುಡುಕಿದರು. ಹುಡುಕುವ ಮುಂಚೆ ಅಲ್ಲಿನ ಪುರಾತತ್ವ ಅಧಿಕಾರಿಯನ್ನು ಕಂಡು ಒಪ್ಪಿಗೆ ಪಡೆದರು, ಸಿಕ್ಕಿದ್ದನ್ನೆಲ್ಲ ಅವರಿಗೇ ಒಪ್ಪಿಸಿದರು. ಮರುವರ್ಷ ಕವಣೆಯ ಸೀಸದ ಗುಂಡುಗಳು ಸಿಕ್ಕಾಗ ಅಲ್ಲಿ ಸೈನ್ಯ ಇತ್ತು ಅಂತ ಖಾತ್ರಿಯಾಯಿತು. ಕ್ರಿ.ಶ. 9ರಲ್ಲಿ ರೋಮಿನ ಮೂರು ಲೀಜನ್‌ಗಳು (ಸಾವಿರಾರು ಸೈನಿಕರ ದಳಗಳು) ನಾಶವಾದ ಜಾಗ ಅದೇ ಇರಬೇಕು ಅಂತ ಈಗ ಬಹಳ ವಿದ್ವಾಂಸರು ಹೇಳುತ್ತಾರೆ, ವಾದ ಇನ್ನೂ ಇದೆ. ನಮ್ಮಲ್ಲೇ ಹೊಸನಗರ ತಾಲೂಕಿನ ನಗರದ ಹಳೇ ಬಾವಿಯೊಂದರಲ್ಲಿ ಟಿಪ್ಪು ಕಾಲದ ಯುದ್ಧದ ರಾಕೆಟ್‌ಗಳು ಸಿಕ್ಕಿದ ಮೇಲೆ, 2018ರಲ್ಲಿ ರಾಜ್ಯ ಪುರಾತತ್ವ ಇಲಾಖೆ ಅಗೆದು ಸಾವಿರಕ್ಕೂ ಹೆಚ್ಚು ರಾಕೆಟ್ ತೆಗೆಯಿತು. ಯಾರೋ ಒಬ್ಬೊಬ್ಬರೇ ಹೊತ್ತುಕೊಂಡು ಹೋಗಿದ್ದರೆ ಅವೆಲ್ಲ ಗುಜರಿಗೆ ಸೇರುತ್ತಿದ್ದವು. ಹೊಲ ಉಳುವಾಗ ಏನಾದರೂ ಸಿಕ್ಕಿದೆ ಅಂತ ರೈತರು ಹೇಳಿದರೆ ಫೋಟೋ ತೆಗೆದು, ಜಾಗ ಗುರುತು ಹಾಕಿ, ಇಲಾಖೆಗೆ ಲಿಖಿತವಾಗಿ ಕೊಡಿ. ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿ, ಯಾರು ಮೊದಲು ತಿಳಿಸಿದರು ಅನ್ನುವುದಕ್ಕೆ ಅದೇ ಸಾಕ್ಷಿ.

ಪ್ರಶ್ನೆ: ನಾನು ಸೇನೆಯಿಂದ ನಿವೃತ್ತ. ನಮ್ಮ ಭಾಗದ ಸೈನಿಕರ ಪತ್ರ, ಡೈರಿ, ಫೋಟೋ, ಪಿಂಚಣಿ ಕಾಗದ ಸಂಗ್ರಹಿಸಿದ್ದೇನೆ. ಯಾವ ಇತಿಹಾಸಕಾರರೂ ನೋಡಲು ಬಂದಿಲ್ಲ. ವಯಸ್ಸಾಯಿತು. ಮಕ್ಕಳಿಗೆ ಆಸಕ್ತಿ ಇಲ್ಲ. ಏನು ಮಾಡಲಿ? (ಮಾಜಿ ಸುಬೇದಾರ್, ಕೊಡಗು)

ಉತ್ತರ: ಸುಬೇದಾರ್ ಸಾಹೇಬ್ರೇ, ನೀವು ಇಟ್ಟಿರುವುದರ ಬೆಲೆ ಯಾಕೆ ಜಾಸ್ತಿ ಅಂದರೆ, ಸರ್ಕಾರಿ ದಾಖಲೆ ಬೇಗ ಕೈಗೆ ಸಿಗುವುದಿಲ್ಲ. 1962ರಲ್ಲಿ ಚೀನಾ ಎದುರಿನ ಸೋಲಿನ ಬಗ್ಗೆ 1963ರಲ್ಲಿ ಬರೆದ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನು ಸರ್ಕಾರ ಇನ್ನೂ ಹೊರಗೆ ಬಿಟ್ಟಿಲ್ಲ. ಯುದ್ಧದ ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷದೊಳಗೆ ತೆರೆಯಬೇಕು ಅಂತ ರಕ್ಷಣಾ ಸಚಿವಾಲಯ ನೀತಿ ಮಾಡಿದ್ದೇ 2021ರಲ್ಲಿ. ಅಲ್ಲಿಯತನಕ ಒಬ್ಬ ಸೈನಿಕ ಮನೆಗೆ ಬರೆದ ಕಾಗದವೇ ದಾಖಲೆ.

ಈ ವಾರವೇ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಪ್ರತಿ ಕಾಗದಕ್ಕೂ ನಂಬರ್ ಕೊಟ್ಟು, ಯಾರದು, ಯಾರು ಕೊಟ್ಟರು, ಯಾವಾಗ ಅಂತ ಬರೆಯಿರಿ. ಫೋಟೋದ ಹಿಂದೆ ಪೆನ್ಸಿಲ್‌ನಲ್ಲಿ ಹೆಸರು ಬರೆಯಿರಿ, ಪೆನ್ ಬೇಡ. ಆ ಮುಖಗಳನ್ನು ಗುರುತಿಸಬಲ್ಲವರು ನೀವು ಒಬ್ಬರೇ ಉಳಿದಿರಬಹುದು, ಅದು ಮೊದಲು ಆಗಲಿ. ಕಾಲೇಜಿನ ಹುಡುಗರು ಯಾರಾದರೂ ಸಿಕ್ಕರೆ ಎಲ್ಲವನ್ನೂ ಸ್ಕ್ಯಾನ್ ಮಾಡಿಸಿ ಎರಡು ಕಡೆ ಇಡಿ. ಆಮೇಲೆ ರಾಜ್ಯ ಪತ್ರಾಗಾರಕ್ಕೆ, ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆಯಲ್ಲಿ ಮಾಡಿರುವ ಸ್ಮಾರಕ ಮ್ಯೂಸಿಯಂಗೆ ಪತ್ರ ಬರೆದು ವಿಚಾರಿಸಿ. ಕೊಡುವಾಗ ಬರೀ ಮಾತಿನ ಮೇಲೆ ಕೊಡಬೇಡಿ. ಪಟ್ಟಿ ಮಾಡಿ ಸಹಿ ಹಾಕಿಸಿಕೊಳ್ಳಿ, ಸಂಗ್ರಹಕ್ಕೆ ನಿಮ್ಮ ಹೆಸರಿರಬೇಕು, ಯಾರು ಬೇಕಾದರೂ ಬಂದು ಓದುವ ಹಾಗಿರಬೇಕು ಅಂತ ಅದರಲ್ಲೇ ಬರೆಸಿ. ಸ್ಕ್ಯಾನ್ ಮಾಡುವ ಕೆಲಸಕ್ಕೆ ಬರಲು ಕೊಡಗು, ಮೈಸೂರು ಕಡೆಯ ಓದುಗರು ಯಾರಾದರೂ ಸಿದ್ಧರಿದ್ದರೆ ಪತ್ರಿಕೆಗೆ ಬರೆಯಿರಿ, ಇವರಿಗೆ ತಲುಪಿಸುತ್ತೇನೆ.